ರೆಡಿಸ್‌ನಲ್ಲಿಟ್ಟ ಕಾರ್ಟ್‌ನಿಂದ ಐಟಂ ಯಾಕೆ ಮಾಯವಾಗುತ್ತದೆ? ಜೇಸನ್ನಾ, ಹ್ಯಾಶಾ?

ಪ್ರಶ್ನೆ: ನಾನು ಒಂದು ಸಣ್ಣ ಕಂಪನಿಯಲ್ಲಿ ಬ್ಯಾಕೆಂಡ್ ಕೆಲಸ ಮಾಡುತ್ತೇನೆ. ನೋಡ್ ಜೆಎಸ್, ಅದರ ಹಿಂದೆ ಡೇಟಾಬೇಸ್ ಆಗಿ ಪೋಸ್ಟ್‌ಗ್ರೆಸ್. ದಿನಸಿ, ಕುರುಕಲು ತಿಂಡಿ ಮಾರುವ ಸೈಟು. ಐಟಂ ಹೆಸರುಗಳೆಲ್ಲ ಕನ್ನಡದಲ್ಲೇ ಇವೆ. ಗಿರಾಕಿಯ ಕಾರ್ಟನ್ನು ರೆಡಿಸ್‌ನಲ್ಲಿ (ಮೆಮೊರಿಯಲ್ಲೇ ಡೇಟಾ ಇಡುವ ಡೇಟಾಬೇಸ್) ಇಡೋಣ ಅಂತ ಹೊರಟೆ. ಮೊದಲು ಆಬ್ಜೆಕ್ಟನ್ನು ನೇರವಾಗಿ ಸೆಟ್ ಮಾಡಿದೆ. ಎರರ್ ಏನೂ ಬರಲಿಲ್ಲ, ಆದರೆ ವಾಪಸ್ ಓದಿದರೆ "[ಆಬ್ಜೆಕ್ಟ್ ಆಬ್ಜೆಕ್ಟ್]" ಅಂತ ಬಂತು. ಆಮೇಲೆ ಜೇಸನ್ ಸ್ಟ್ರಿಂಗಿಫೈ ಮಾಡಿ (ಅಂದರೆ ಆಬ್ಜೆಕ್ಟನ್ನು ಪಠ್ಯವಾಗಿಸಿ) ಇಟ್ಟೆ, ಸರಿಹೋಯಿತು. ಈಗ ಎರಡು ಹೊಸ ತಲೆನೋವು. ಗಿರಾಕಿ ಬೇಗ ಬೇಗ ಎರಡು ಐಟಂ ಸೇರಿಸಿದರೆ ಕೆಲವು ಸಲ ಒಂದೇ ಉಳಿಯುತ್ತದೆ. ಮತ್ತೆ, ಕಾರ್ಟ್‌ಗೆ 7 ದಿನದ ಎಕ್ಸ್‌ಪೈರಿ ಹಾಕಿದ್ದರೂ ಒಂದು ತಿಂಗಳ ಹಿಂದಿನ ಕಾರ್ಟ್‌ಗಳು ಹಾಗೇ ಕೂತಿವೆ, ಮೆಮೊರಿ ಏರುತ್ತಲೇ ಇದೆ. ಟೀಮಿನಲ್ಲಿ ಒಬ್ಬರು "ಜೇಸನ್ ನಿಧಾನ, ಹ್ಯಾಶ್ ಹಾಕು, ಮೆಮೊರಿನೂ ಉಳಿಯುತ್ತೆ" ಅಂತಾರೆ. ಇನ್ನೊಬ್ಬರು "ರೆಡಿಸ್ ಸಿಂಗಲ್ ಥ್ರೆಡ್, ಅಲ್ಲಿ ರೇಸ್ ಆಗೋದೇ ಇಲ್ಲ, ಬಗ್ ಫ್ರಂಟೆಂಡ್‌ನಲ್ಲಿ ಇರಬೇಕು" ಅಂತಾರೆ. ಯಾರ ಮಾತು ಕೇಳಲಿ ಸರ್?

ಉತ್ತರ: ಇಬ್ಬರೂ ಅರ್ಧರ್ಧ ಸರಿ ಹೇಳಿದ್ದಾರೆ. ಉಳಿದರ್ಧ ನಿಮ್ಮ ದಾರಿ ತಪ್ಪಿಸುತ್ತಿದೆ. ನಿಮ್ಮ ಕಾರ್ಟ್‌ಗೆ ಹ್ಯಾಶ್ (ಒಂದು ಕೀ ಒಳಗೆ ಹಲವು ಫೀಲ್ಡ್ ಇಡುವ ರೆಡಿಸ್ ರೂಪ) ಹೊಂದುತ್ತದೆ ಅನ್ನುವುದು ಸರಿ, ಆದರೆ ಅದಕ್ಕೆ ಕೊಟ್ಟ ಕಾರಣ ಸರಿ ಇಲ್ಲ. ರೆಡಿಸ್ ಸಿಂಗಲ್ ಥ್ರೆಡ್ ಅನ್ನುವುದೂ ನಿಜ, ಆದರೆ ಹಾಗಂತ ರೇಸ್ (ಎರಡು ರಿಕ್ವೆಸ್ಟ್ ಒಂದೇ ಹೊತ್ತಿಗೆ ಬಂದು ಒಂದರ ಬರಹವನ್ನು ಇನ್ನೊಂದು ಅಳಿಸುವುದು) ಆಗಲ್ಲ ಅನ್ನುವುದು ಸುಳ್ಳು. ಫ್ರಂಟೆಂಡಿನವರನ್ನು ಸದ್ಯಕ್ಕೆ ಬಿಟ್ಟುಬಿಡಿ. ಐಟಂ ಮಾಯವಾಗುವುದು ನಿಮ್ಮ ಸರ್ವರ್ ಕೋಡಿನಲ್ಲೇ, ಮತ್ತು ಎಕ್ಸ್‌ಪೈರಿ ತಪ್ಪುವುದೂ ಬಹುಶಃ ಅದೇ ಒಂದು ಸಾಲಿನಲ್ಲಿ.

ಕಮಾಂಡ್‌ಗಳ ಹೆಸರನ್ನೆಲ್ಲ ನಾನು ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಹೊಡೆಯಿರಿ.

ಮೊದಲು ಆ "[ಆಬ್ಜೆಕ್ಟ್ ಆಬ್ಜೆಕ್ಟ್]" ವಿಷಯ ಮುಗಿಸಿಬಿಡೋಣ. ರೆಡಿಸ್‌ಗೆ ನಿಮ್ಮ ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಸೆಟ್ ಕಮಾಂಡ್‌ಗೆ ಅದು ತೆಗೆದುಕೊಳ್ಳುವುದು ಬರೀ ಬೈಟುಗಳ ಒಂದು ಸಾಲನ್ನು, ಗರಿಷ್ಠ 512 ಎಂಬಿ. ಪಾರ್ಸಲ್ ಆಫೀಸಿನವರು ಡಬ್ಬಿ ಬಿಚ್ಚಿ ನೋಡದೆ ಮೇಲಿನ ವಿಳಾಸ ಮಾತ್ರ ನೋಡುವ ಹಾಗೆ, ಅದು ಕೀ (ಡೇಟಾಗೆ ನೀವು ಕೊಟ್ಟ ಹೆಸರು) ನೋಡುತ್ತದೆ, ಒಳಗೇನಿದೆ ಅಂತ ಕೇಳಲ್ಲ. ಹಾಗಾಗಿ ಆಬ್ಜೆಕ್ಟನ್ನು ಬೈಟು ಮಾಡುವ ಕೆಲಸ ರೆಡಿಸ್ ಜೊತೆ ಮಾತಾಡಲು ನೀವು ಬಳಸುವ ಲೈಬ್ರರಿಯ ಮೇಲೆ ಬೀಳುತ್ತದೆ. ಐಓರೆಡಿಸ್ ಲೈಬ್ರರಿ ಸಿಕ್ಕಿದ್ದನ್ನೆಲ್ಲ ಸ್ಟ್ರಿಂಗ್ ಮಾಡಿ ಸುಮ್ನೆ ಕಳಿಸಿಬಿಡುತ್ತದೆ, ಜಾವಾಸ್ಕ್ರಿಪ್ಟ್‌ನಲ್ಲಿ ಆಬ್ಜೆಕ್ಟನ್ನು ಸ್ಟ್ರಿಂಗ್ ಮಾಡಿದರೆ ಬರುವುದು ಅದೇ ದರಿದ್ರ ಪದ. ನೋಡ್-ರೆಡಿಸ್ ಆದರೆ 4ನೇ ಆವೃತ್ತಿಯಿಂದ ಈಚೆಗೆ ಟೈಪ್ ಎರರ್ ಎಸೆಯುತ್ತದೆ. ನಿಮಗೆ ಎರರ್ ಬರಲಿಲ್ಲ ಅಂದರೆ ನೀವು ಐಓರೆಡಿಸ್ ಬಳಸುತ್ತಿದ್ದೀರಿ, ಇಲ್ಲವೇ ನೋಡ್-ರೆಡಿಸ್‌ನ ಹಳೇ ಆವೃತ್ತಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಹ್ಯಾಶ್‌ಗೆ ಹೋದಾಗಲೂ ಇದೇ ಲೈಬ್ರರಿ ಇದೇ ಆಟ ಆಡುತ್ತದೆ. ಆಬ್ಜೆಕ್ಟಿನೊಳಗೆ ಇನ್ನೊಂದು ಆಬ್ಜೆಕ್ಟ್ ಇದ್ದರೆ, ಆ ಒಂದು ಫೀಲ್ಡ್‌ನಲ್ಲಿ ಮತ್ತೆ ಅದೇ "[ಆಬ್ಜೆಕ್ಟ್ ಆಬ್ಜೆಕ್ಟ್]" ಕೂತಿರುತ್ತದೆ, ಯಾರಿಗೂ ಗೊತ್ತಾಗದ ಹಾಗೆ.

ಈಗ ಮಾಯವಾಗುವ ಐಟಂ. ನಿಮ್ಮ ಕೋಡ್ ನಾನು ನೋಡಿಲ್ಲ, ಆದರೆ ಹೀಗೇ ಇರುತ್ತದೆ: ಗೆಟ್ ಮಾಡಿ, ಪಾರ್ಸ್ ಮಾಡಿ, ಪಟ್ಟಿಗೆ ಐಟಂ ಸೇರಿಸಿ, ಸ್ಟ್ರಿಂಗಿಫೈ ಮಾಡಿ, ವಾಪಸ್ ಸೆಟ್. ಗಿರಾಕಿ ಬೆಲ್ಲ ಒತ್ತಿದರು, ಮರುಕ್ಷಣ ಚಕ್ಕುಲಿ ಒತ್ತಿದರು. ಬೆಲ್ಲದ ರಿಕ್ವೆಸ್ಟ್ ಖಾಲಿ ಕಾರ್ಟ್ ಓದಿತು. ಅದು ಉತ್ತರಕ್ಕೆ ಕಾಯುವಷ್ಟರಲ್ಲಿ ಚಕ್ಕುಲಿಯ ರಿಕ್ವೆಸ್ಟೂ ಅದೇ ಖಾಲಿ ಕಾರ್ಟ್ ಓದಿತು. ಮೊದಲನೆಯದು ಬೆಲ್ಲ ಇರುವ ಕಾರ್ಟ್ ಬರೆಯಿತು. ಎರಡನೆಯದು ಚಕ್ಕುಲಿ ಮಾತ್ರ ಇರುವ ಕಾರ್ಟನ್ನು ಅದರ ಮೇಲೇ ಬರೆಯಿತು. ಬೆಲ್ಲ ಹೋಯಿತು. ಇದರಲ್ಲಿ ರೆಡಿಸ್ ತಪ್ಪು ಏನೂ ಇಲ್ಲ, ಅದು ನಾಲ್ಕು ಕಮಾಂಡನ್ನೂ ಒಂದಾದ ಮೇಲೊಂದರಂತೆ ಶಿಸ್ತಾಗಿ ನಡೆಸಿದೆ. ಸಿಂಗಲ್ ಥ್ರೆಡ್ ಅಂದರೆ ಒಂದು ಕಮಾಂಡ್ ನಡೆಯುವಾಗ ಮಧ್ಯೆ ಇನ್ನೊಂದು ನುಗ್ಗಲ್ಲ ಅಂತ ಅಷ್ಟೇ. 6ನೇ ಆವೃತ್ತಿಯಿಂದ ನೆಟ್‌ವರ್ಕ್ ಓದು-ಬರಹಕ್ಕೆ ಬೇರೆ ಥ್ರೆಡ್‌ಗಳನ್ನು ಬಳಸಬಹುದಾದರೂ ಕಮಾಂಡ್ ನಡೆಯುವುದು ಒಂದೇ ಥ್ರೆಡ್‌ನಲ್ಲಿ. ಆದರೆ ನಿಮ್ಮ ಗೆಟ್‌ಗೂ ಸೆಟ್‌ಗೂ ನಡುವೆ ಇರುವ ಜಾಗ ರೆಡಿಸ್ ಕಣ್ಣಿಗೆ ಬೀಳುವುದೇ ಇಲ್ಲ, ಅಲ್ವಾ? ನೋಡ್ ಕೂಡ ಸಿಂಗಲ್ ಥ್ರೆಡ್ಡೇ, ಒಂದೇ ಪ್ರೋಸೆಸ್ ಓಡಿಸಿದರೂ ಇದು ಆಗುತ್ತದೆ. ಅವೇಟ್ (ಉತ್ತರಕ್ಕೆ ಕಾಯಿ) ಅಂತ ಬರೆದ ಪ್ರತಿ ಜಾಗದಲ್ಲೂ ಬೇರೆ ರಿಕ್ವೆಸ್ಟ್ ಒಳಗೆ ಬರಬಹುದು.

ಎಕ್ಸ್‌ಪೈರಿಯ ಕಥೆ ಇದಕ್ಕಿಂತ ಚಿಕ್ಕದು. ಕಾರ್ಟ್ ಹುಟ್ಟಿದಾಗ ನೀವು 7 ದಿನ ಅಂತ ಎಕ್ಸ್‌ಪೈರ್ ಹಾಕಿರುತ್ತೀರಿ. ಮುಂದಿನ ಐಟಂ ಸೇರಿಸುವಾಗ ಬರೀ ಸೆಟ್ ಮಾಡಿರುತ್ತೀರಿ. ಸೆಟ್ ಹಳೇ ವ್ಯಾಲ್ಯೂ ಜೊತೆಗೆ ಹಳೇ ಎಕ್ಸ್‌ಪೈರಿಯನ್ನೂ ಅಳಿಸಿಹಾಕುತ್ತದೆ. ಅಂದರೆ ಒಂದೇ ಐಟಂ ಹಾಕಿ ಬಿಟ್ಟುಹೋದವರ ಕಾರ್ಟ್ ಸರಿಯಾಗಿ ಸಾಯುತ್ತದೆ, ಎರಡನೇ ಐಟಂ ಹಾಕಿದವರ ಕಾರ್ಟ್ ಚಿರಂಜೀವಿ. ಪರೀಕ್ಷೆ ಮಾಡುವಾಗ ನಾವೆಲ್ಲ ಒಂದೇ ಐಟಂ ಹಾಕಿ ನೋಡುತ್ತೇವೆ, ಅದಕ್ಕೇ ಇದು ಸಿಕ್ಕಿಬೀಳಲ್ಲ. ಯಾವುದಾದರೂ ಹಳೇ ಕಾರ್ಟ್‌ನ ಕೀ ಮೇಲೆ ಉಳಿದ ಅವಧಿ ಹೇಳುವ ಟಿಟಿಎಲ್ ಕಮಾಂಡ್ ಹೊಡೆದು ನೋಡಿ, -1 ಬಂದರೆ ಎಕ್ಸ್‌ಪೈರಿ ಇಲ್ಲ ಅಂತ ಅರ್ಥ. ಸೆಟ್ ಬಳಸುವುದನ್ನೇ ಮುಂದುವರಿಸುವುದಾದರೆ ಪ್ರತಿ ಸಲವೂ ಅವಧಿಯನ್ನು ಜೊತೆಗೇ ಕೊಡಿ, ಅಥವಾ 6ನೇ ಆವೃತ್ತಿಯಲ್ಲಿ ಬಂದ ಕೀಪ್‌ಟಿಟಿಎಲ್ ಆಯ್ಕೆ ಬಳಸಿ. ಗಿರಾಕಿ ಕಾರ್ಟ್ ಮುಟ್ಟಿದಾಗೆಲ್ಲ 7 ದಿನ ಹೊಸದಾಗಿ ಶುರುವಾಗಲಿ ಅಂದರೆ ಮೊದಲನೆಯದು, ಕಾರ್ಟ್ ಹುಟ್ಟಿದ ದಿನದಿಂದಲೇ ಎಣಿಸಬೇಕು ಅಂದರೆ ಎರಡನೆಯದು.

"ಜೇಸನ್ ನಿಧಾನ" ಅನ್ನುವ ಮಾತು ತುಂಬಾ ಕಡೆ ಕೇಳುತ್ತೇನೆ. ರೆಡಿಸ್‌ಗೆ ಅದು ಜೇಸನ್ ಅಂತ ಗೊತ್ತೇ ಇಲ್ಲದಿರುವಾಗ ಅದಕ್ಕೆ ನಿಧಾನ ಆಗುವುದು ಹೇಗೆ? ಖರ್ಚು ಬೀಳುವುದು ನೋಡ್ ಕಡೆ, ಪಾರ್ಸ್ ಮತ್ತು ಸ್ಟ್ರಿಂಗಿಫೈನಲ್ಲಿ. ಒಂದೆರಡು ಕೆಬಿಯ ಕಾರ್ಟ್‌ಗೆ ಆ ಖರ್ಚು ರೆಡಿಸ್‌ವರೆಗೆ ಹೋಗಿಬರುವ ನೆಟ್‌ವರ್ಕ್ ಸಮಯದ ಮುಂದೆ ಲೆಕ್ಕಕ್ಕೇ ಬರಲ್ಲ. ಹಲವು ಎಂಬಿಯ ಆಬ್ಜೆಕ್ಟ್ ಆದರೆ ಮಾತು ಬೇರೆ, ಅಷ್ಟು ಹೊತ್ತು ಎಲ್ಲ ರಿಕ್ವೆಸ್ಟನ್ನೂ ಸರದಿಯಲ್ಲಿ ನಡೆಸುವ ನೋಡ್‌ನ ಇವೆಂಟ್ ಲೂಪ್ ನಿಂತುಬಿಡುತ್ತದೆ, ಉಳಿದ ಗಿರಾಕಿಗಳೆಲ್ಲ ಕಾಯಬೇಕು. ಆದರೆ ಕಾರ್ಟ್ ಅಷ್ಟು ದೊಡ್ಡದಾಗಿದ್ದರೆ ನಿಮ್ಮ ತೊಂದರೆ ಜೇಸನ್ ಅಲ್ಲ.

ಜೇಸನ್‌ನ ನಿಜವಾದ ತೊಂದರೆ ನೀವು ಆಗಲೇ ಅನುಭವಿಸಿದ್ದು: ಒಂದು ಚೂರು ಬದಲಾಯಿಸಬೇಕಾದರೂ ಇಡೀ ಆಬ್ಜೆಕ್ಟ್ ಓದಿ, ಇಡೀ ಆಬ್ಜೆಕ್ಟ್ ಬರೆಯಬೇಕು. ಹಾಗಾಗಿ ನಾನು ಯಾರೇ ಕೇಳಿದರೂ ವೇಗದ ಪ್ರಶ್ನೆ ಎತ್ತುವ ಮೊದಲು ಕೇಳುವುದು, ಈ ಆಬ್ಜೆಕ್ಟಿನ ಯಾವ ಭಾಗವನ್ನು ಯಾರು ಬದಲಾಯಿಸುತ್ತಾರೆ, ಇಬ್ಬರು ಒಂದೇ ಹೊತ್ತಿಗೆ ಬದಲಾಯಿಸುತ್ತಾರಾ? ಒಬ್ಬರೇ ಬರೆಯುತ್ತಾರೆ, ಬರೆದಾಗ ಪೂರ್ತಿ ಬರೆಯುತ್ತಾರೆ, ಓದುವವರೂ ಪೂರ್ತಿ ಓದುತ್ತಾರೆ ಅಂದರೆ ಜೇಸನ್ ಸ್ಟ್ರಿಂಗಿಗಿಂತ ಒಳ್ಳೆಯದು ಯಾವುದೂ ಇಲ್ಲ. ನಿಮ್ಮ ಸೈಟಿನ ಐಟಂ ವಿವರ ಹಾಗಿನದು. ಹೆಸರು, ತೂಕ, ಬೆಲೆ, ಫೋಟೋ ಲಿಂಕ್ ಎಲ್ಲ ಪೋಸ್ಟ್‌ಗ್ರೆಸ್‌ನಿಂದ ಬರುತ್ತದೆ, ರೆಡಿಸ್‌ನಲ್ಲಿ ಇರುವುದು ನಕಲು, ಬದಲಾದರೆ ಇಡೀ ನಕಲು ಹೊಸದಾಗುತ್ತದೆ. ಅದನ್ನು ಜೇಸನ್ ಆಗಿಯೇ ಬಿಡಿ. ಕಾರ್ಟ್ ಹಾಗಲ್ಲ, ಅದರ ಒಂದೊಂದು ಸಾಲೂ ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ರಿಕ್ವೆಸ್ಟ್‌ನಿಂದ ಬದಲಾಗುತ್ತದೆ. ಅಲ್ಲಿ ಹ್ಯಾಶ್ ಬೇಕು.

ಹ್ಯಾಶ್ ಅಂದರೆ ಒಂದು ಕೀ ಒಳಗೆ ಫೀಲ್ಡ್ ಮತ್ತು ಅದರ ವ್ಯಾಲ್ಯೂ, ಎಷ್ಟು ಬೇಕಾದರೂ. ಒಂದೇ ಮಟ್ಟ, ಒಳಗೊಳಗೆ ಹೋಗಲ್ಲ. ಎಲ್ಲವೂ ಸ್ಟ್ರಿಂಗ್. ಎಚ್‌ಸೆಟ್‌ನಿಂದ ಒಂದೇ ಫೀಲ್ಡ್ ಬರೆಯಬಹುದು, ಎಚ್‌ಇಂಕ್ರ್‌ಬೈನಿಂದ ಒಂದು ಫೀಲ್ಡ್‌ನ ಸಂಖ್ಯೆಯನ್ನು ಓದದೆಯೇ ಏರಿಸಬಹುದು, ಇಳಿಸಬಹುದು. ನಿಮ್ಮ ಐಟಂ ಮಾಯವಾಗುವುದನ್ನು ತಪ್ಪಿಸುವುದು ಈ ಎರಡನೆಯದು. ಅಂದಹಾಗೆ ಹಳೇ ಪಾಠಗಳಲ್ಲೆಲ್ಲ ಎಚ್‌ಎಂಸೆಟ್ ಅಂತ ಇರುತ್ತದೆ. ರೆಡಿಸ್‌ನ 4ನೇ ಆವೃತ್ತಿಯಿಂದ ಎಚ್‌ಸೆಟ್ಟೇ ಹಲವು ಫೀಲ್ಡ್ ತೆಗೆದುಕೊಳ್ಳುತ್ತದೆ, ಅದನ್ನೇ ಬಳಸಿ.

ಮೆಮೊರಿ ಉಳಿಯುತ್ತದಾ? ಉಳಿಯಬಹುದು, ಆದರೆ ಷರತ್ತು ಇದೆ, ಮತ್ತು ಕನ್ನಡದಲ್ಲಿ ಡೇಟಾ ಇಡುವ ನಮಗೆ ಆ ಷರತ್ತು ಸ್ವಲ್ಪ ಜಾಸ್ತಿಯೇ ಬಿಗಿ. ಚಿಕ್ಕ ಹ್ಯಾಶನ್ನು ರೆಡಿಸ್ ಲಿಸ್ಟ್‌ಪ್ಯಾಕ್ ಅನ್ನುವ ಒತ್ತೊತ್ತಾದ ರೂಪದಲ್ಲಿ ಇಡುತ್ತದೆ. ಒಂದು ತುಂಡು ಮೆಮೊರಿ, ಅದರಲ್ಲಿ ಎಲ್ಲವೂ ಪಕ್ಕಪಕ್ಕ. 7ನೇ ಆವೃತ್ತಿಗೆ ಮೊದಲು ಇದೇ ಕೆಲಸವನ್ನು ಜಿಪ್‌ಲಿಸ್ಟ್ ಮಾಡುತ್ತಿತ್ತು. ಫೀಲ್ಡ್‌ಗಳ ಸಂಖ್ಯೆ ಮಿತಿ ದಾಟಿದರೆ, ಅಥವಾ ಯಾವುದಾದರೂ ಒಂದೇ ಒಂದು ವ್ಯಾಲ್ಯೂ 64 ಬೈಟ್ ದಾಟಿದರೆ, ಇಡೀ ಹ್ಯಾಶ್ ಮಾಮೂಲಿ ಹ್ಯಾಶ್‌ಟೇಬಲ್ ಆಗಿ ಬದಲಾಗುತ್ತದೆ. ಆಗ ಪ್ರತಿ ಫೀಲ್ಡ್‌ಗೂ ಬೇರೆ ಜಾಗ, ಬೇರೆ ಪಾಯಿಂಟರ್. ಮೆಮೊರಿ ಉಳಿತಾಯದ ಮಾತು ಅಲ್ಲಿಗೆ ಮುಗಿಯಿತು. ಆ ಉದ್ದ ವ್ಯಾಲ್ಯೂವನ್ನು ಆಮೇಲೆ ಅಳಿಸಿದರೂ ಓಡುತ್ತಿರುವ ಸರ್ವರ್ ಅದನ್ನು ಮತ್ತೆ ಒತ್ತಿ ಚಿಕ್ಕದು ಮಾಡಲ್ಲ.

64 ಬೈಟ್ ಅಂದರೆ ಇಂಗ್ಲಿಷ್‌ನಲ್ಲಿ 64 ಅಕ್ಷರ, ಒಂದು ಐಟಂ ಹೆಸರಿಗೆ ಧಾರಾಳ. ಕನ್ನಡದಲ್ಲಿ ಹಾಗಲ್ಲ. ಯುಟಿಎಫ್-8ರಲ್ಲಿ (ಅಕ್ಷರವನ್ನು ಬೈಟು ಮಾಡುವ ಮಾಮೂಲಿ ಪದ್ಧತಿ) ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್, ಕಾಗುಣಿತದ ಗುರುತು ಬೇರೆ, ಒತ್ತಕ್ಷರಕ್ಕೆ ಬೇಕಾದ ವಿರಾಮದ (್) ಗುರುತು ಬೇರೆ. "ಮಂಡ್ಯದ ಸಾವಯವ ಬೆಲ್ಲ" ಅನ್ನುವುದನ್ನೇ ಎಣಿಸಿ: ಕನ್ನಡದ 16 ಚಿಹ್ನೆಗೆ 48 ಬೈಟ್, ಎರಡು ಖಾಲಿ ಜಾಗಕ್ಕೆ 2, ಒಟ್ಟು 50. ಇನ್ನೂ ಒಳಗೇ ಇದೆ. ಯಾರೋ ಕೊನೆಗೆ "ಒಂದು ಕಿಲೋ" ಅಂತ ಸೇರಿಸಿದರು, 76 ಆಯಿತು, ಮಿತಿ ದಾಟಿತು, ಆ ಕಾರ್ಟ್ ಪೂರ್ತಿ ದಪ್ಪ ರೂಪಕ್ಕೆ ಹೋಯಿತು. ಪರದೆಯ ಮೇಲೆ ನೋಡಿದರೆ ಅದು ಒಂದು ಗೇಣು ಉದ್ದದ ಹೆಸರು ಅಷ್ಟೇ. ನಿಮಗೆ ನಂಬಿಕೆ ಬರದಿದ್ದರೆ ಆಬ್ಜೆಕ್ಟ್ ಎನ್‌ಕೋಡಿಂಗ್ ಕಮಾಂಡ್ ಹೊಡೆದು ಲಿಸ್ಟ್‌ಪ್ಯಾಕ್ ಬರುತ್ತದಾ ಹ್ಯಾಶ್‌ಟೇಬಲ್ ಬರುತ್ತದಾ ನೋಡಿ, ಮೆಮೊರಿ ಯೂಸೇಜ್ ಕಮಾಂಡ್ ಹೊಡೆದರೆ ಒಂದು ಕೀ ಎಷ್ಟು ಬೈಟ್ ತಿನ್ನುತ್ತಿದೆ ಅಂತ ತಿಳಿಯುತ್ತದೆ. ಊಹೆ ಮಾಡುವ ಬದಲು ನಿಮ್ಮದೇ ಡೇಟಾ ಇಟ್ಟು ಅಳೆಯಿರಿ. ಮಿತಿಯನ್ನು ಕಾನ್ಫಿಗ್‌ನಲ್ಲಿ ಏರಿಸಬಹುದು, ಆದರೆ ಲಿಸ್ಟ್‌ಪ್ಯಾಕ್‌ನಲ್ಲಿ ಹುಡುಕಾಟ ಮೊದಲಿಂದ ಕೊನೆವರೆಗೆ ಸಾಲಾಗಿ ನಡೆಯುತ್ತದೆ, ತುಂಬಾ ಏರಿಸಿದರೆ ಸಿಪಿಯು ಖರ್ಚು ಜಾಸ್ತಿ.

ಇಲ್ಲೇ ಇನ್ನೊಂದು ಮಾತು. ಜಾವಾಸ್ಕ್ರಿಪ್ಟ್‌ನ ಸ್ಟ್ರಿಂಗಿಫೈ ಕನ್ನಡ ಅಕ್ಷರವನ್ನು ಇದ್ದ ಹಾಗೇ ಬಿಡುತ್ತದೆ. ಪೈಥಾನ್‌ನ ಜೇಸನ್ ಲೈಬ್ರರಿ ನೀವು ಏನೂ ಹೇಳದಿದ್ದರೆ ಪ್ರತಿ ಚಿಹ್ನೆಯನ್ನೂ ಹಿಂಬಾಗಿದ ಗೆರೆ, ಯು, ನಾಲ್ಕು ಅಂಕಿ ಅಂತ 6 ಬೈಟ್ ಮಾಡಿ ಬರೆಯುತ್ತದೆ. ಐಟಂ ವಿವರದ ನಕಲನ್ನು ರೆಡಿಸ್‌ಗೆ ತುಂಬುವ ಸ್ಕ್ರಿಪ್ಟ್ ಪೈಥಾನ್‌ನಲ್ಲಿದ್ದರೆ, ನಿಮ್ಮ ಕನ್ನಡ ಪಠ್ಯ ಸುಮ್ನೆ ಎರಡು ಪಟ್ಟು ಜಾಗ ತಿನ್ನುತ್ತಿರಬಹುದು. ಎನ್ಶೂರ್ ಆಸ್ಕಿ ಅನ್ನುವ ಆಯ್ಕೆಯನ್ನು ಫಾಲ್ಸ್ ಮಾಡಿದರೆ ಸಾಕು.

ಹಾಗಾದರೆ ಕಾರ್ಟ್ ಹೇಗಿರಬೇಕು? ನಾನಾದರೆ ಹೀಗೆ ಮಾಡುತ್ತೇನೆ. ಕೀ ಕಾರ್ಟ್:4521, ಅಲ್ಲಿ 4521 ಗಿರಾಕಿಯ ಐಡಿ. ಒಳಗೆ ಫೀಲ್ಡ್ ಅಂದರೆ ಐಟಂ ಐಡಿ, ವ್ಯಾಲ್ಯೂ ಅಂದರೆ ಎಷ್ಟು ಅನ್ನುವ ಸಂಖ್ಯೆ. ಅಷ್ಟೇ. ಹೆಸರು ಇಲ್ಲ, ಬೆಲೆ ಇಲ್ಲ, ಫೋಟೋ ಇಲ್ಲ. ಆಗ 64 ಬೈಟಿನ ಚಿಂತೆಯೇ ಬರಲ್ಲ. ಕಾರ್ಟ್ ಪುಟ ತೋರಿಸುವಾಗ ಎಚ್‌ಗೆಟ್‌ಆಲ್‌ನಿಂದ ಐಡಿಗಳನ್ನು ತೆಗೆದು, ಎಂಗೆಟ್‌ನಿಂದ ಅಷ್ಟೂ ಐಟಂಗಳ ಜೇಸನ್ ನಕಲನ್ನು ಒಂದೇ ಸಲ ತರಿಸಿಕೊಳ್ಳಿ. ಎರಡು ಸುತ್ತು, ಸಾಕು. ಬೆಲೆಯನ್ನು ಕಾರ್ಟ್‌ನಲ್ಲಿ ಇಡಬೇಡಿ ಅಂತ ಒತ್ತಿ ಹೇಳುತ್ತೇನೆ. ಮೂರು ದಿನ ಕಾರ್ಟ್‌ನಲ್ಲಿ ಕೂತ ಬೆಲ್ಲದ ರೇಟ್ ಈ ನಡುವೆ ಏರಿರುತ್ತದೆ, ಆಗ ಯಾವ ಬೆಲೆ ಸರಿ ಅಂತ ಗಿರಾಕಿ ಜೊತೆ ಜಗಳ. ಬಿಲ್ ಹಾಕುವಾಗ ಬೆಲೆ ಪೋಸ್ಟ್‌ಗ್ರೆಸ್‌ನಿಂದಲೇ ಬರಲಿ. ಕೂಪನ್, ವಿಳಾಸ ಮುಂತಾದ ಬಿಡಿ ವಿಷಯಗಳಿಗೆ ಇನ್ನೊಂದು ಕೀ ಮಾಡಿ. ಐಟಂಗಳ ನಡುವೆ ತುರುಕಿದರೆ ಕಾರ್ಟ್‌ನಲ್ಲಿ ಎಷ್ಟು ಐಟಂ ಇದೆ ಅಂತ ಎಚ್‌ಲೆನ್ ಹೇಳುವ ಲೆಕ್ಕವೂ ತಪ್ಪುತ್ತದೆ.

ಎಚ್‌ಇಂಕ್ರ್‌ಬೈನಲ್ಲೂ ಎರಡು ಮುಳ್ಳಿವೆ. ಒಂದು, ಅದು ಸೊನ್ನೆಯ ಕೆಳಗೂ ಇಳಿಯುತ್ತದೆ. ಗಿರಾಕಿ ಮೈನಸ್ ಬಟನ್ನನ್ನು ಪಟಪಟ ಒತ್ತಿದರೆ -2 ಚಕ್ಕುಲಿ ಆಗಬಹುದು. ಇನ್ನೊಂದು, ಏರಿಸು ಅನ್ನುವ ಕಮಾಂಡ್ ಎರಡು ಸಲ ತಲುಪಿದರೆ ಎರಡು ಸಲ ಏರುತ್ತದೆ. ಕನೆಕ್ಷನ್ ಕಡಿದು ಮತ್ತೆ ಸೇರಿದಾಗ ಐಓರೆಡಿಸ್ ಉತ್ತರ ಬಾರದ ಕಮಾಂಡ್‌ಗಳನ್ನು ತಾನಾಗಿಯೇ ಮತ್ತೆ ಕಳಿಸುತ್ತದೆ, ಅದು ಡಿಫಾಲ್ಟ್ ನಡವಳಿಕೆ. ಮೊದಲನೆಯದು ಅಷ್ಟರಲ್ಲಿ ಸರ್ವರ್‌ಗೆ ಮುಟ್ಟಿದ್ದರೆ ಡಬಲ್. ಹಾಗಾಗಿ ಕಾರ್ಟ್ ಪುಟದಲ್ಲಿ ಗಿರಾಕಿ ಸಂಖ್ಯೆಯ ಡಬ್ಬಿಯಲ್ಲಿ 3 ಅಂತ ಬರೆದರೆ ಎಚ್‌ಸೆಟ್‌ನಿಂದ ನೇರವಾಗಿ 3 ಅಂತಲೇ ಬರೆಯಿರಿ, ಎಷ್ಟು ಸಲ ತಲುಪಿದರೂ 3 ಆಗಿಯೇ ಇರುತ್ತದೆ. "ಕಾರ್ಟ್‌ಗೆ ಸೇರಿಸು" ಬಟನ್‌ಗೆ ಮಾತ್ರ ಏರಿಸುವ ಕಮಾಂಡ್ ಇರಲಿ.

ಎಕ್ಸ್‌ಪೈರಿ ಹ್ಯಾಶ್‌ನಲ್ಲಿ ಬೇರೆ ಥರ ನಡೆಯುತ್ತದೆ. ಎಚ್‌ಸೆಟ್, ಎಚ್‌ಇಂಕ್ರ್‌ಬೈ ಎರಡೂ ಇರುವ ಕೀಯ ಅವಧಿಯನ್ನು ಮುಟ್ಟಲ್ಲ. ಒಳ್ಳೆಯದೇ. ಆದರೆ ಅವಧಿ ಮುಗಿದು ಕೀ ಸತ್ತ ಮೇಲೆ ಗಿರಾಕಿ ಬಂದು ಐಟಂ ಸೇರಿಸಿದರೆ ಕೀ ಹೊಸದಾಗಿ ಹುಟ್ಟುತ್ತದೆ, ಅವಧಿ ಇಲ್ಲದೆ. ಮತ್ತೆ ಚಿರಂಜೀವಿ. ಅದಕ್ಕೆ ಪ್ರತಿ ಬರಹದ ಜೊತೆ ಎಕ್ಸ್‌ಪೈರ್ ಕೂಡ ಕಳಿಸಿ, ಎರಡನ್ನೂ ಮಲ್ಟಿ ಮತ್ತು ಎಕ್ಸೆಕ್ ನಡುವೆ ಹಾಕಿ, ಆಗ ಎರಡೂ ಒಂದೇ ಗುಂಪಾಗಿ ನಡೆಯುತ್ತವೆ. ಸೊನ್ನೆಯ ಕೆಳಗೆ ಇಳಿಯುವ ತೊಂದರೆಗೂ ಸೇರಿಸಿ ನಾನು ಬಳಸುವುದು ರೆಡಿಸ್ ಒಳಗೇ ಓಡುವ, ಲುವಾ ಭಾಷೆಯ ಒಂದು ಪುಟ್ಟ ಸ್ಕ್ರಿಪ್ಟ್. ಎಚ್‌ಇಂಕ್ರ್‌ಬೈ ಮಾಡು, ಬಂದ ಉತ್ತರ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಚ್‌ಡೆಲ್‌ನಿಂದ ಆ ಫೀಲ್ಡ್ ಅಳಿಸು, ಕೊನೆಗೆ ಎಕ್ಸ್‌ಪೈರ್ ಮಾಡು. ನಾಲ್ಕೈದು ಸಾಲು. ಇವ್ಯಾಲ್ ಕಮಾಂಡ್‌ನಿಂದ ಕಳಿಸಿದರೆ ಪೂರ್ತಿ ಸ್ಕ್ರಿಪ್ಟ್ ಒಂದೇ ಕಮಾಂಡಿನಂತೆ ನಡೆಯುತ್ತದೆ, ಮಧ್ಯೆ ಯಾರೂ ನುಗ್ಗಲ್ಲ. ಮಾತು ಇಷ್ಟೇ, ಸ್ಕ್ರಿಪ್ಟ್ ಓಡುವಷ್ಟು ಹೊತ್ತು ಉಳಿದವರೆಲ್ಲ ಕಾಯುತ್ತಾರೆ, ಹಾಗಾಗಿ ಅದರಲ್ಲಿ ದೊಡ್ಡ ಲೂಪ್ ಹಾಕಬೇಡಿ.

"ಜೇಸನ್ನನ್ನೇ ಇಟ್ಟುಕೊಂಡು ವಾಚ್ ಕಮಾಂಡ್ ಬಳಸಿದರೆ ಆಗಲ್ವಾ" ಅಂತ ಮುಂದಿನ ಪ್ರಶ್ನೆ ಬರುತ್ತದೆ ಅಂತ ಗೊತ್ತು. ಆಗುತ್ತದೆ. ಕೀ ಮೇಲೆ ವಾಚ್ ಹಾಕಿ, ಓದಿ, ಬದಲಾಯಿಸಿ, ಮಲ್ಟಿ-ಎಕ್ಸೆಕ್‌ನಲ್ಲಿ ಬರೆದರೆ, ನಡುವೆ ಯಾರಾದರೂ ಕೀ ಮುಟ್ಟಿದ್ದರೆ ಎಕ್ಸೆಕ್ ಏನೂ ಮಾಡದೆ ನಲ್ ಕೊಡುತ್ತದೆ, ನೀವು ಮೊದಲಿಂದ ಮತ್ತೆ ಮಾಡಬೇಕು. ಆದರೆ ನೋಡ್‌ನಲ್ಲಿ ಇದಕ್ಕೆ ಒಂದು ಹೊಂಡ ಇದೆ. ವಾಚ್ ಸೇರಿರುವುದು ಕನೆಕ್ಷನ್‌ಗೆ, ರಿಕ್ವೆಸ್ಟ್‌ಗೆ ಅಲ್ಲ. ನಾವು ಸಾಮಾನ್ಯವಾಗಿ ಇಡೀ ಆಪ್‌ಗೆ ಒಂದೇ ರೆಡಿಸ್ ಕನೆಕ್ಷನ್ ಇಟ್ಟುಕೊಂಡಿರುತ್ತೇವೆ, ಎಲ್ಲ ರಿಕ್ವೆಸ್ಟೂ ಅದರಲ್ಲೇ. ಒಂದು ರಿಕ್ವೆಸ್ಟ್ ಹಾಕಿದ ವಾಚನ್ನು ಇನ್ನೊಂದು ರಿಕ್ವೆಸ್ಟ್‌ನ ಎಕ್ಸೆಕ್ ಬಿಡಿಸಿಹಾಕುತ್ತದೆ. ರಕ್ಷಣೆ ಇದೆ ಅಂತ ನೀವು ಅಂದುಕೊಂಡಿರುತ್ತೀರಿ, ಇರುವುದಿಲ್ಲ. ವಾಚ್ ಬಳಸುವುದಾದರೆ ಆ ಕೆಲಸಕ್ಕೆ ಬೇರೆ ಕನೆಕ್ಷನ್ ಅಥವಾ ಪೂಲ್ ಬೇಕೇ ಬೇಕು. ಲುವಾ ಇದಕ್ಕಿಂತ ಸರಳ. ಲುವಾ ಒಳಗೆ ಜೇಸನ್ ಬಿಚ್ಚಿ ಕಟ್ಟಲೂಬಹುದು, ಆದರೆ ಅಲ್ಲಿ ಖಾಲಿ ಪಟ್ಟಿ ಬಿಚ್ಚಿ ಕಟ್ಟಿದರೆ ಖಾಲಿ ಆಬ್ಜೆಕ್ಟ್ ಆಗಿ ಹೊರಗೆ ಬರುತ್ತದೆ, ಯಾಕೆಂದರೆ ಲುವಾದಲ್ಲಿ ಎರಡಕ್ಕೂ ಒಂದೇ ಟೇಬಲ್. ಗಿರಾಕಿ ಎಲ್ಲ ಐಟಂ ತೆಗೆದುಹಾಕಿದ ಮೇಲೆ ನಿಮ್ಮ ನೋಡ್ ಕೋಡ್ ಪಟ್ಟಿ ಅಂತ ಮ್ಯಾಪ್ ಮಾಡಲು ಹೋಗಿ ಬೀಳುತ್ತದೆ.

ಇನ್ನೊಂದು ದಾರಿ ರೆಡಿಸ್‌ನ ಜೇಸನ್ ಟೈಪ್. ಇದರಲ್ಲಿ ರೆಡಿಸ್‌ಗೆ ಒಳಗಿನ ರಚನೆ ಗೊತ್ತಿರುತ್ತದೆ, ಒಳಗಿನ ಒಂದು ಸಂಖ್ಯೆಯನ್ನು ಮಾತ್ರ ಏರಿಸಬಹುದು, ಪಟ್ಟಿಗೆ ಸೇರಿಸಬಹುದು, ಹಾದಿ ಕೊಟ್ಟು ಚೂರು ಓದಬಹುದು. ಆಳವಾಗಿ ಒಳಗೊಳಗೆ ಹೋಗುವ ಆಬ್ಜೆಕ್ಟನ್ನು ಹಲವರು ತುಂಡು ತುಂಡಾಗಿ ಬದಲಾಯಿಸುವುದಾದರೆ ಇದು ಸರಿಯಾದ ಉತ್ತರ. ಮೊದಲು ಇದು ಬೇರೆ ಮಾಡ್ಯೂಲ್ ಆಗಿತ್ತು, 2025ರಲ್ಲಿ ಬಂದ ರೆಡಿಸ್ 8ರಲ್ಲಿ ಜೊತೆಗೇ ಬರುತ್ತದೆ. ಆದರೆ ನಿಮ್ಮ ಕ್ಲೌಡ್‌ನವರು ಕೊಟ್ಟಿರುವುದು ರೆಡಿಸ್ಸೇನಾ ಅಂತ ಮೊದಲು ನೋಡಿ. ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಶುರುಮಾಡಿದ ರೆಡಿಸ್ ಬಹಳ ಕಾಲ ಬಿಎಸ್‌ಡಿ ಲೈಸೆನ್ಸ್‌ನಲ್ಲಿತ್ತು. 2024ರ ಮಾರ್ಚ್‌ನಲ್ಲಿ ಲೈಸೆನ್ಸ್ ಬದಲಾಯಿತು, ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ವಾಲ್ಕಿ ಅಂತ ಕವಲೊಡೆಯಿತು, ಎಷ್ಟೋ ಕ್ಲೌಡ್ ಸೇವೆಗಳು ಈಗ ಕೊಡುವುದು ವಾಲ್ಕಿ. ಮಾಮೂಲಿ ಸೆಟ್, ಎಚ್‌ಸೆಟ್‌ಗೆ ಎರಡರಲ್ಲೂ ವ್ಯತ್ಯಾಸ ಇಲ್ಲ. ಜೇಸನ್ ಟೈಪ್ ಮಾತ್ರ ಇದೆಯೋ ಇಲ್ಲವೋ ಪರೀಕ್ಷಿಸಿಯೇ ನಂಬಿ. ಅದೇ ರೀತಿ ಹ್ಯಾಶ್‌ನ ಒಂದೊಂದು ಫೀಲ್ಡ್‌ಗೂ ಬೇರೆ ಅವಧಿ ಹಾಕುವ ಎಚ್‌ಎಕ್ಸ್‌ಪೈರ್ ಬಂದದ್ದು ರೆಡಿಸ್ 7.4ರಲ್ಲಿ, ಅದಕ್ಕಿಂತ ಹಳೆಯದರಲ್ಲಿ ಇಲ್ಲ. ನಿಮ್ಮ ಕಾರ್ಟ್‌ಗೆ ಎರಡೂ ಬೇಡ. ಜೇಸನ್ ಟೈಪ್ ಬಿಚ್ಚಿದ ಮರದ ರೂಪದಲ್ಲಿ ಮೆಮೊರಿಯಲ್ಲಿ ಕೂರುವುದರಿಂದ ಅದೇ ಪಠ್ಯದ ಸ್ಟ್ರಿಂಗಿಗಿಂತ ಸಾಮಾನ್ಯವಾಗಿ ಜಾಸ್ತಿ ಜಾಗ ತಿನ್ನುತ್ತದೆ.

ವಾಪಸ್ ಓದುವಾಗ ಟೈಪ್‌ಗಳ ಬಗ್ಗೆ ಎಚ್ಚರ. ಹ್ಯಾಶ್‌ನಿಂದ ಬರುವುದೆಲ್ಲ ಸ್ಟ್ರಿಂಗ್. "2" ಕ್ಕೆ 1 ಕೂಡಿಸಿದರೆ ಜಾವಾಸ್ಕ್ರಿಪ್ಟ್‌ನಲ್ಲಿ "21" ಬರುತ್ತದೆ, ಗಿರಾಕಿಗೆ ಇಪ್ಪತ್ತೊಂದು ಪ್ಯಾಕೆಟ್ ಚಕ್ಕುಲಿ. "ಫಾಲ್ಸ್" ಅಂತ ಇಟ್ಟ ಬೂಲಿಯನ್ ಸ್ಟ್ರಿಂಗ್ ಆಗಿ ಬಂದು ಇಫ್‌ನಲ್ಲಿ ಟ್ರೂ ಆಗುತ್ತದೆ. ಐಓರೆಡಿಸ್ ನಲ್ ಮತ್ತು ಅನ್‌ಡಿಫೈನ್ಡ್ ಎರಡನ್ನೂ ಖಾಲಿ ಸ್ಟ್ರಿಂಗ್ ಮಾಡುತ್ತದೆ. ಇನ್ನು ಐಓರೆಡಿಸ್‌ನಲ್ಲಿ ಇಲ್ಲದ ಕೀ ಮೇಲೆ ಎಚ್‌ಗೆಟ್‌ಆಲ್ ಮಾಡಿದರೆ ಬರುವುದು ನಲ್ ಅಲ್ಲ, ಖಾಲಿ ಆಬ್ಜೆಕ್ಟ್, ಅದು ಇಫ್‌ನಲ್ಲಿ ಟ್ರೂ. "ಕಾರ್ಟ್ ಇದ್ದರೆ" ಅಂತ ನೀವು ಬರೆದ ಪರೀಕ್ಷೆ ಯಾವಾಗಲೂ ಪಾಸ್, ಹಾಗಾಗಿ ಫೀಲ್ಡ್‌ಗಳ ಸಂಖ್ಯೆ ನೋಡಿ. ಜೇಸನ್ ಕಡೆ ಬೇರೆ ಥರದ ಸೋರಿಕೆ: ದಿನಾಂಕ ಸ್ಟ್ರಿಂಗ್ ಆಗುತ್ತದೆ, ಜಾವಾಸ್ಕ್ರಿಪ್ಟ್‌ನ ಮ್ಯಾಪ್ ಮತ್ತು ಸೆಟ್ ಟೈಪ್‌ಗಳು ಖಾಲಿ ಆಬ್ಜೆಕ್ಟ್ ಆಗುತ್ತವೆ, ಬಿಗ್‌ಇಂಟ್ ಇದ್ದರೆ ಎರರ್. ಆರ್ಡರ್ ಐಡಿಯಂಥ ಉದ್ದ ಸಂಖ್ಯೆ 9007199254740991 ದಾಟಿದರೆ ಪಾರ್ಸ್ ಮಾಡುವಾಗ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗಬಹುದು, ಅಂಥವನ್ನು ಸ್ಟ್ರಿಂಗ್ ಆಗಿಯೇ ಇಡಿ. ಓದುವ, ಬರೆಯುವ ಕೋಡನ್ನು ಒಂದೇ ಫೈಲಿನ ಎರಡು ಫಂಕ್ಷನ್‌ಗಳಲ್ಲಿ ಕಟ್ಟಿಹಾಕಿ, ಉಳಿದ ಕೋಡ್ ರೆಡಿಸ್ ಮುಟ್ಟದಿರಲಿ.

ಮುಂದೆ ಗಿರಾಕಿಯ ಪ್ರೊಫೈಲನ್ನೂ ಹ್ಯಾಶ್‌ನಲ್ಲಿ ಇಡಲು ಹೋದರೆ ನೆನಪಿರಲಿ, ಎಚ್‌ಸೆಟ್ ಇರುವುದರ ಮೇಲೆ ಬರೆಯುತ್ತದೆ, ಇಲ್ಲದ್ದನ್ನು ಅಳಿಸಲ್ಲ. ಗಿರಾಕಿ ಎರಡನೇ ಫೋನ್ ನಂಬರ್ ತೆಗೆದುಹಾಕಿ ಸೇವ್ ಮಾಡಿದರು ಅಂದುಕೊಳ್ಳಿ, ಆ ಫೀಲ್ಡ್ ಇಲ್ಲದ ಆಬ್ಜೆಕ್ಟನ್ನು ನೀವು ಎಚ್‌ಸೆಟ್ ಮಾಡಿದರೂ ಹಳೇ ನಂಬರ್ ಹಾಗೇ ಉಳಿಯುತ್ತದೆ. ಪೂರ್ತಿ ಬದಲಾಯಿಸಬೇಕಾದಾಗ ಡೆಲ್ ಮತ್ತು ಎಚ್‌ಸೆಟ್ ಎರಡನ್ನೂ ಒಂದೇ ಮಲ್ಟಿಯಲ್ಲಿ ಮಾಡಿ.

ಮೆಮೊರಿ ತುಂಬಿದಾಗ ಏನಾಗುತ್ತದೆ ಅಂತಲೂ ಈಗಲೇ ನೋಡಿಕೊಳ್ಳಿ, ಏರುತ್ತಿದೆ ಅಂದಿರಲ್ಲ. ಮ್ಯಾಕ್ಸ್‌ಮೆಮೊರಿ (ಮೆಮೊರಿಯ ಮಿತಿ) ಹಾಕಿ, ತುಂಬಿದಾಗ ಯಾವ ಕೀ ತೆಗೆಯಬೇಕು ಅನ್ನುವ ನೀತಿ ಬದಲಾಯಿಸದಿದ್ದರೆ ಏನನ್ನೂ ತೆಗೆಯದ ನೋಎವಿಕ್ಷನ್ ಇರುತ್ತದೆ, ಆಗ ಹೊಸ ಬರಹಕ್ಕೆಲ್ಲ ಎರರ್. ಆಲ್‌ಕೀಸ್-ಎಲ್‌ಆರ್‌ಯು ಹಾಕಿದರೆ ಈಚೆಗೆ ಮುಟ್ಟದ ಕೀಗಳು ಹೋಗುತ್ತವೆ, ಅದರಲ್ಲಿ ಯಾರದೋ ಕಾರ್ಟೂ ಇರಬಹುದು, ಯಾಕೆಂದರೆ ಈ ನೀತಿ ಇಡೀ ಸರ್ವರ್‌ಗೆ ಒಂದೇ. ಐಟಂ ವಿವರದ ನಕಲು ಹೋದರೆ ಮತ್ತೆ ತುಂಬಬಹುದು, ಕಾರ್ಟ್ ಹೋದರೆ ತುಂಬಲು ಮೂಲ ಇಲ್ಲ. ಆದ್ದರಿಂದ ಎರಡನ್ನೂ ಬೇರೆ ಬೇರೆ ರೆಡಿಸ್‌ನಲ್ಲಿ ಇಡಿ, ಇಲ್ಲವೇ ಲಾಗಿನ್ ಆದವರ ಕಾರ್ಟನ್ನು ಪೋಸ್ಟ್‌ಗ್ರೆಸ್‌ಗೂ ಬರೆಯಿರಿ. ಪ್ರತಿ ಬರಹವನ್ನೂ ಡಿಸ್ಕ್‌ನ ಫೈಲಿಗೆ ಸೇರಿಸಿಡುವ ಎಒಎಫ್ ಹಾಕಿದರೆ ರೀಸ್ಟಾರ್ಟ್ ಆದರೂ ಡೇಟಾ ಉಳಿಯುತ್ತದೆ, ಆದರೆ ಎವ್ರಿಸೆಕ್ ಅನ್ನುವ ಮಾಮೂಲಿ ಹೊಂದಿಕೆಯಲ್ಲಿ ಕೊನೆಯ ಸುಮಾರು ಒಂದು ಸೆಕೆಂಡಿನದು ಹೋಗಬಹುದು. ಕಾರ್ಟ್‌ಗೆ ಪರವಾಗಿಲ್ಲ, ಹಣದ ಲೆಕ್ಕಕ್ಕೆ ಬೇಡ.

ಕೊನೆಯದಾಗಿ ಹಳೇದರಿಂದ ಹೊಸದಕ್ಕೆ ಹೋಗುವುದು. ಅದೇ ಕೀ ಹೆಸರು ಇಟ್ಟುಕೊಂಡು ಹ್ಯಾಶ್‌ಗೆ ಬದಲಾಯಿಸಬೇಡಿ. ಹಳೇ ಕೀ ಸ್ಟ್ರಿಂಗ್ ಆಗಿರುವಾಗ ಎಚ್‌ಸೆಟ್ ಮಾಡಿದರೆ ರಾಂಗ್‌ಟೈಪ್ ಅಂತ ಎರರ್ ಬರುತ್ತದೆ, ಅದಾದರೂ ಕಣ್ಣಿಗೆ ಕಾಣುತ್ತದೆ. ತಿರುಗಾಮುರುಗಾ ಆದರೆ ಅಪಾಯ ಜಾಸ್ತಿ: ಡಿಪ್ಲಾಯ್ ನಡೆಯುವಾಗ ಇನ್ನೂ ಓಡುತ್ತಿರುವ ಹಳೇ ಕೋಡ್ ಹೊಸ ಹ್ಯಾಶ್ ಮೇಲೆ ಸೆಟ್ ಮಾಡಿದರೆ, ಸೆಟ್ ಟೈಪ್ ನೋಡದೆ ಇಡೀ ಹ್ಯಾಶನ್ನು ಅಳಿಸಿ ಸ್ಟ್ರಿಂಗ್ ಬರೆಯುತ್ತದೆ, ಎರರೂ ಇಲ್ಲ. ಕಾರ್ಟ್2:4521 ಅಂತ ಹೊಸ ಹೆಸರು ಕೊಡಿ. ಹೊಸದು ಸಿಗದಿದ್ದರೆ ಹಳೇದನ್ನು ಓದಿ ಹೊಸ ರೂಪಕ್ಕೆ ತಂದು ಬರೆಯುವ ಕೋಡ್ ಒಂದೆರಡು ವಾರ ಇರಲಿ. ಆಮೇಲೆ ಹಳೇ ಚಿರಂಜೀವಿಗಳನ್ನು ಸ್ಕ್ಯಾನ್‌ನಿಂದ ಹುಡುಕಿ ಅನ್‌ಲಿಂಕ್‌ನಿಂದ ತೆಗೆಯಿರಿ. ಕೀಸ್ ಕಮಾಂಡ್ ಬೇಡ, ಲೈವ್ ಸರ್ವರ್ ಮೇಲೆ ಅದು ಎಲ್ಲ ಕೀಗಳನ್ನೂ ಒಂದೇ ಉಸಿರಿನಲ್ಲಿ ನೋಡುವಷ್ಟು ಹೊತ್ತು ನಿಮ್ಮ ಸೈಟ್ ಪೂರ್ತಿ ನಿಂತಿರುತ್ತದೆ. ಸ್ಕ್ಯಾನ್ ಒಂದೇ ಕೀಯನ್ನು ಎರಡು ಸಲ ಕೊಡಬಹುದು, ಅಳಿಸುವ ಕೆಲಸಕ್ಕೆ ಅದರಿಂದ ತೊಂದರೆ ಇಲ್ಲ.